ಮೆಚ್ಚಿದ ಕಾದಂಬರಿಯನ್ನು ತೆರೆಯ ಮೇಲೆ ಕಂಡಾಗ



ಒಂದು ಕಾದಂಬರಿಯನ್ನು ಬಹಳವಾಗಿ ಮೆಚ್ಚಿಕೊಂಡಿರುವ ಮನುಷ್ಯನು ಅದರ ಚಲಚ್ಚಿತ್ರವನ್ನು ನೋಡಲು ಹೊರಡುವಾಗ ಮದುವೆಯ ಮನೆಗೆ ಹೊರಟವನಂತೆ ಕಾಣುತ್ತಾನೆ. ಹಿಂದಿರುಗುವಾಗ ಅವನ ಮುಖ ಬೇರೆ ಯಾವುದೋ ಕಾರ್ಯಕ್ಕೆ ಹೋಗಿಬಂದವನ ಮುಖದಂತಿರುತ್ತದೆ. "ಹೇಗಿತ್ತು?" ಎಂದು ಕೇಳಿದರೆ, "ಚಿತ್ರವೇನೋ ಚೆನ್ನಾಗಿದೆ, ಆದರೆ ಪುಸ್ತಕದಂತಿಲ್ಲ" ಎನ್ನುತ್ತಾನೆ. ಈ ಮಾತನ್ನು ನಾವೆಲ್ಲರೂ ಒಂದಲ್ಲ ಒಂದು ಸಲ ಆಡಿದವರೇ. ಪುಸ್ತಕದಂತಿಲ್ಲ ಎಂದರೆ ಏನು? ಯಾರ ಪುಸ್ತಕದಂತೆ? ಈ ನಿರಾಶೆಯಲ್ಲಿ ನ್ಯಾಯವಾದ ಭಾಗವೆಷ್ಟು, ಬರಿಯ ಹಟದ ಭಾಗವೆಷ್ಟು? ಇದನ್ನು ಸ್ವಲ್ಪ ವಿಚಾರಮಾಡಬೇಕೆಂಬುದು ಈ ಹೊತ್ತಿನ ನನ್ನ ಉದ್ದೇಶ.

ವಿಚಾರಕ್ಕೆ ತೊಡಗುವ ಮೊದಲು ನನ್ನದೇ ಒಂದು ಅನುಭವವನ್ನು ತಮ್ಮ ಮುಂದೆ ಒಪ್ಪಿಸುತ್ತೇನೆ. ನಾನು ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ. ನಮ್ಮ ತಂದೆಯವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ನಾನು ಹತ್ತು ಹನ್ನೊಂದು ವರ್ಷದ ಹುಡುಗನಾಗಿದ್ದಾಗ, ಒಂದು ಮಳೆಗಾಲವೆಲ್ಲ, ರಾತ್ರಿ ಊಟವಾದ ಮೇಲೆ ಅವರು ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯನ್ನು ಮನೆಮಂದಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದರು. ೧೯೩೬ರಲ್ಲಿ ಪ್ರಕಟವಾದ ಆ ಹಿರಿಯ ಕಾದಂಬರಿಯ ಪಾರಾಯಣ ನಮ್ಮ ಮನೆಯಲ್ಲಿ ಮೃಗಶಿರಾ ಮಳೆಗೆ ಆರಂಭವಾಗಿ ಮಘಾ ಮಳೆಗೆ ಮುಗಿಯಿತು. ಹಂಚಿನ ಮೇಲೆ ಧಾರವಾಡದ ಜಿಟಿಜಿಟಿ ಮಳೆ. ವಿದ್ಯುದ್ದೀಪ ಹೋದರೆ ಕಂದೀಲಿನ ಬೆಳಕು. ಕಥೆಯೊಳಗೆ ಮಲೆನಾಡಿನ ಮಹಾವರ್ಷ. ನಮ್ಮ ತಂದೆಯವರು ತೀರ್ಥಹಳ್ಳಿಯ ಸೀಮೆಯನ್ನು ಕಂಡವರಲ್ಲ. ಆದ್ದರಿಂದ ಅವರ ಬಾಯಲ್ಲಿ ಮಲೆನಾಡಿನ ಗೌಡರೂ ಹೆಗ್ಗಡಿತಿಯರೂ ಅಪ್ಪಟ ಧಾರವಾಡದ ದಾಟಿಯಲ್ಲಿಯೇ ಮಾತನಾಡುತ್ತಿದ್ದರು. ಚಂದ್ರಯ್ಯಗೌಡರು ಸಿಟ್ಟಿಗೆದ್ದರೆ ನಮ್ಮ ಓಣಿಯ ಸಾಹುಕಾರರು ಸಿಟ್ಟಿಗೆದ್ದಂತೆಯೇ ಕೇಳಿಸುತ್ತಿತ್ತು. ಸುಬ್ಬಮ್ಮನ ಮಾತು ಬಂದಾಗ ತಂದೆಯವರ ದನಿ ಮೆತ್ತಗಾಗುತ್ತಿತ್ತು. ಒಳಗೆ ನಮ್ಮ ತಾಯಿಯವರು ಪಾತ್ರೆಯ ಸಪ್ಪಳವನ್ನು ನಿಲ್ಲಿಸುತ್ತಿದ್ದರು.

ನಾನು ಕಾಲೇಜನ್ನು ಸೇರಿದ ವರ್ಷ ತಂದೆಯವರು ತೀರಿಕೊಂಡರು. ಅದಾದ ಸ್ವಲ್ಪ ಕಾಲಕ್ಕೆ, ೧೯೯೯ರಲ್ಲಿ, ಗಿರೀಶ ಕಾರ್ನಾಡರು ಅದೇ ಕಾದಂಬರಿಯನ್ನು ಚಲಚ್ಚಿತ್ರವನ್ನಾಗಿ ಮಾಡಿದರು. ಕಾರ್ನಾಡರು ನಮ್ಮ ಕರ್ನಾಟಕ ಕಾಲೇಜಿನಲ್ಲಿ ಓದಿದವರು ಎಂಬ ಅಭಿಮಾನ ಬೇರೆ. ಚಂದ್ರಯ್ಯಗೌಡರ ಪಾತ್ರವನ್ನು ತಾವೇ ವಹಿಸಿದ್ದರು. ಸುಬ್ಬಮ್ಮನಾಗಿ ತಾರಾ ಅವರಿದ್ದರು. ತೀರ್ಥಹಳ್ಳಿಯ ಕಡೆಯಿಂದ ಓದಲು ಬಂದಿದ್ದ ಸಹಪಾಠಿಯೊಬ್ಬನೊಡನೆ ಹುಬ್ಬಳ್ಳಿಗೆ ಹೋಗಿ ಅದನ್ನು ನೋಡಿದೆ. ನನಗೆ ಮೊದಲಿನಿಂದ ಕೊನೆಯವರೆಗೂ ಏನೋ ಕಳೆದುಹೋದಂತೆ ಅನಿಸುತ್ತಿತ್ತು. ಪಕ್ಕದಲ್ಲಿದ್ದ ಗೆಳೆಯನಾದರೋ ಎರಡು ಸಲ ಕಣ್ಣೊರಸಿಕೊಂಡ. ಧಾರವಾಡಕ್ಕೆ ಹಿಂದಿರುಗುವ ಬಸ್ಸಿನಲ್ಲಿ ಇಪ್ಪತ್ತು ಕಿಲೋಮೀಟರು ಉದ್ದಕ್ಕೂ ನಾವಿಬ್ಬರೂ ಜಗಳವಾಡಿದೆವು. "ಗೌಡರು ಗೌಡರ ಹಾಗೆ ಇರಲಿಲ್ಲ" ಎಂದು ನಾನು. "ನೀನು ಯಾವ ಗೌಡರನ್ನು ನೋಡಿದ್ದೀಯೆ?" ಎಂದು ಅವನು.

ಆ ಪ್ರಶ್ನೆಗೆ ಉತ್ತರ ಹೊಳೆಯಲು ನನಗೆ ಹಲವು ವರ್ಷ ಹಿಡಿಯಿತು. ತೆರೆಯ ಮೇಲಿನ ಗೌಡರು ಧಾರವಾಡದವರಂತೆ ಮಾತನಾಡಲಿಲ್ಲ, ಮಾತನಾಡಬೇಕಾಗಿಯೂ ಇರಲಿಲ್ಲ. ನಾನು ಕಾದಂಬರಿಗಾಗಿ ಹುಡುಕುತ್ತಿದ್ದೇನೆಂದು ತಿಳಿದು ನಮ್ಮ ತಂದೆಯವರ ದನಿಗಾಗಿ ಹುಡುಕುತ್ತಿದ್ದೆ. ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನು ಪಡೆದ ಆ ಚಿತ್ರ ಅದನ್ನು ತಂದುಕೊಡಲು ಹೇಗೆ ಸಾಧ್ಯವಾದೀತು? ತಪ್ಪು ಚಿತ್ರದ್ದಲ್ಲ. ನಿರಾಶೆ ಮಾತ್ರ ನಿಜವಾದದ್ದು.

ಇದರಿಂದ ಮೊದಲನೆಯ ಅಂಶವೊಂದು ತಿಳಿದುಬರುತ್ತದೆ. ಕಾದಂಬರಿಯನ್ನು ಬರೆಯುವವನು ಒಬ್ಬನಾದರೂ ಅದನ್ನು ಪೂರ್ತಿಮಾಡುವವರು ಅನೇಕರು. ಗ್ರಂಥಕರ್ತನು "ಚೆಲುವೆ" ಎಂದು ಬರೆದು ಸುಮ್ಮನಾಗುತ್ತಾನೆ. ಆ ಚೆಲುವೆಗೆ ಕಣ್ಣು ಮೂಗು ಕೊಡುವವನು ವಾಚಕ. ಸಾವಿರ ವಾಚಕರಿದ್ದರೆ ಸಾವಿರ ಮುಖ. ನಿರ್ದೇಶಕನಿಗೆ ಈ ಸೌಕರ್ಯವಿಲ್ಲ. ಅವನು ಯಾವಳೋ ಒಬ್ಬಳನ್ನು ಕರೆತಂದು ಕ್ಯಾಮೆರಾದ ಮುಂದೆ ನಿಲ್ಲಿಸಲೇಬೇಕು. ನಿಲ್ಲಿಸಿದ ಕ್ಷಣದಲ್ಲಿ ಒಂದು ಮುಖ ಉಳಿದು ಮಿಕ್ಕ ಒಂಬೈನೂರ ತೊಂಬತ್ತೊಂಬತ್ತು ಮುಖಗಳು ಮನೆಗೆ ಹೋಗಬೇಕಾಗುತ್ತದೆ. ಹಾಗೆ ಮನೆಗೆ ಹೋದವರ ಅಸಮಾಧಾನವೇ "ಪುಸ್ತಕದಂತಿಲ್ಲ" ಎಂಬ ಮಾತಿನ ಅರ್ಧ ಭಾಗ.

ಎರಡನೆಯದು ಕಾಲದ ಕಷ್ಟ. ನಮ್ಮ ಮನೆಯಲ್ಲಿ ಮೂರು ತಿಂಗಳು ಹಿಡಿದ ಕಥೆಯನ್ನು ಚಿತ್ರ ಎರಡು ಮೂರು ಗಂಟೆಗಳಲ್ಲಿ ಹೇಳಿ ಮುಗಿಸಬೇಕು. ಕೈಬಿಡದೆ ವಿಧಿಯಿಲ್ಲ. ಮೂರನೆಯದು ಒಳಗಿನ ಮಾತಿನ ಕಷ್ಟ. ಹೂವಯ್ಯನ ಚಿಂತನೆಗೆ ಕಾದಂಬರಿಕಾರರು ಪುಟಗಟ್ಟಲೆ ಜಾಗ ಕೊಡಬಲ್ಲರು. ತೆರೆಯ ಮೇಲೆ ಯೋಚಿಸುತ್ತ ಕುಳಿತಿರುವ ಮನುಷ್ಯನು ಸುಮ್ಮನೆ ಕುಳಿತಿರುವ ಮನುಷ್ಯನಂತೆಯೇ ಕಾಣುತ್ತಾನೆ. ಇವೆಲ್ಲ ಎರಡು ಕಲೆಗಳ ಸ್ವಭಾವದಿಂದ ಬಂದ ಭೇದಗಳು. ಇವುಗಳಿಗಾಗಿ ನಿರ್ದೇಶಕನನ್ನು ದೂರುವುದು, ವೀಣೆಯಲ್ಲಿ ಸಾಹಿತ್ಯ ಕೇಳಿಸಲಿಲ್ಲವೆಂದು ವೈಣಿಕನನ್ನು ದೂರಿದಂತೆ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಣೆ ಏಳುತ್ತದೆ. ಕಥೆಯನ್ನು ಬದಲಾಯಿಸುವುದೇ ಅಪರಾಧವಾದರೆ ನಮ್ಮ ಕವಿಗಳ ಗತಿಯೇನು? ಪಂಪನು ಹತ್ತನೆಯ ಶತಮಾನದಲ್ಲಿ ಭಾರತವನ್ನು ಕನ್ನಡಿಸುವಾಗ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮಡದಿಯಾಗಿ ಮಾಡಿದ. ಹುಬ್ಬಳ್ಳಿಗೆ ಸಮೀಪದ ಕೋಳಿವಾಡದವನೆಂದು ನಾವು ಹೆಮ್ಮೆಪಡುವ ಕುಮಾರವ್ಯಾಸನು ಹದಿನೆಂಟು ಪರ್ವಗಳಲ್ಲಿ ಹತ್ತನ್ನು ಮಾತ್ರ ಹೇಳಿ ಲೇಖನಿಯನ್ನು ಕೆಳಗಿಟ್ಟ. ಕಾಳಿದಾಸನು ಶಕುಂತಲೆಯ ಕಥೆಗೆ ದುರ್ವಾಸನ ಶಾಪವನ್ನು ತಾನೇ ಕಲ್ಪಿಸಿ ಸೇರಿಸಿದ. ಒಂಬತ್ತನೆಯ ಶತಮಾನದ ಆನಂದವರ್ಧನನು 'ಧ್ವನ್ಯಾಲೋಕ'ದಲ್ಲಿ ಈ ಸ್ವಾತಂತ್ರ್ಯವನ್ನು ಶಾಸ್ತ್ರವನ್ನಾಗಿಯೇ ಮಾಡಿದ್ದಾನೆ. ಪರಂಪರೆಯಿಂದ ಬಂದ ಕಥೆಯಲ್ಲಿ ರಸಕ್ಕೆ ವಿರೋಧವಾದದ್ದಿದ್ದರೆ ಕವಿಯು ಅದನ್ನು ಬಿಟ್ಟು, ರಸಕ್ಕೆ ತಕ್ಕದ್ದನ್ನು ಕಲ್ಪಿಸಿಕೊಳ್ಳಬೇಕೆಂಬುದು ಅವನ ಅಭಿಪ್ರಾಯ. ಗದುಗಿನ ಭಾರತವನ್ನು ಕೇಳಿ "ವ್ಯಾಸರಲ್ಲಿದ್ದಂತಿಲ್ಲ" ಎಂದು ಎದ್ದು ಹೋದವನನ್ನು ಯಾರೂ ಕಂಡಿಲ್ಲ. ಹಾಗಾದರೆ ಚಲಚ್ಚಿತ್ರದವರ ಮೇಲೆ ಮಾತ್ರ ನಮಗೇಕೆ ಇಷ್ಟು ಕೋಪ?

ಕಾರಣವಿಷ್ಟೆ. ಭಾರತ ಕಥೆ ಎಲ್ಲರ ಮನೆಯ ಸೊತ್ತು. ಅದು ಪುರಾಣದಲ್ಲಿ, ಬಯಲಾಟದಲ್ಲಿ, ಅಜ್ಜಿಯ ಬಾಯಲ್ಲಿ ನೂರು ರೂಪದಲ್ಲಿರುವುದರಿಂದ ಒಂದು ರೂಪ ಇನ್ನೊಂದನ್ನು ಕೊಲ್ಲುವುದಿಲ್ಲ. ಒಂದು ಕಾದಂಬರಿಗಾದರೋ ಸಾಮಾನ್ಯವಾಗಿ ಎರಡೇ ರೂಪ: ಪುಸ್ತಕವೊಂದು, ಚಿತ್ರವೊಂದು. ಅವೆರಡರಲ್ಲಿ ಚಿತ್ರದ ದನಿ ದೊಡ್ಡದು. ಸಾವಿರ ಜನ ಓದಿದ್ದನ್ನು ಲಕ್ಷ ಜನ ನೋಡುತ್ತಾರೆ. ನೋಡಿದವರಿಗೆ ಅದೇ ಮೂಲವಾಗುತ್ತದೆ. ನಮ್ಮ ಭಯವಿರುವುದು ಇಲ್ಲಿ. ಇನ್ನೊಬ್ಬರು ಚಿತ್ರವನ್ನು ಮೆಚ್ಚುತ್ತಾರೆಂಬ ಅಸೂಯೆಯಲ್ಲ ಇದು. ನಾವು ಪ್ರೀತಿಸಿದ ರೂಪ ಲೋಕದಿಂದ ಮರೆಯಾದೀತೆಂಬ ಅಂಜಿಕೆ.

ಈ ಅಂಜಿಕೆಯನ್ನು ಕಾದಂಬರಿಕಾರರೂ ಅನುಭವಿಸಿದ್ದಾರೆ. ಕನ್ನಡದಲ್ಲಿ ಇದಕ್ಕೆ ಎಲ್ಲರಿಗೂ ತಿಳಿದ ದೃಷ್ಟಾಂತ ತ. ರಾ. ಸುಬ್ಬರಾಯರದು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಒಟ್ಟುಗೂಡಿಸಿ ಪುಟ್ಟಣ್ಣ ಕಣಗಾಲರು ೧೯೭೨ರಲ್ಲಿ 'ನಾಗರಹಾವು' ಚಿತ್ರವನ್ನು ನಿರ್ಮಾಪಕ ಎನ್. ವೀರಾಸ್ವಾಮಿಯವರಿಗಾಗಿ ನಿರ್ದೇಶಿಸಿದರು. ಮೂರು ಪುಸ್ತಕ ಒಂದು ಚಿತ್ರವಾದಾಗ ಎಷ್ಟು ಬಿಟ್ಟುಹೋಗಿರಬೇಕೆಂಬುದನ್ನು ತಾವೇ ಊಹಿಸಬಹುದು. ಚಿತ್ರವನ್ನು ನೋಡಿದ ತ.ರಾ.ಸು. ಅವರು, ಪುಟ್ಟಣ್ಣನವರು ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ಹೇಳಿದರೆಂಬ ಮಾತು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ.

ಈ ಒಂದು ಮಾತಿನಲ್ಲಿ ಒಳ್ಳೆಯ ವಿಮರ್ಶೆಯೇ ಅಡಗಿದೆ. ಬಾಲ ಕತ್ತರಿಸಿದರು, ಉದ್ದ ಕಡಮೆಮಾಡಿದರು ಎಂಬ ದೂರು ಇದರಲ್ಲಿಲ್ಲ. ಆಕಾರ ಹಾವಿನದೇ, ಹರಿದಾಡುವುದೂ ಹಾವಿನಂತೆಯೇ, ವಿಷ ಮಾತ್ರ ಹೋಯಿತು ಎಂಬುದು ಅದರ ತಾತ್ಪರ್ಯವೆಂದು ನಾನು ತಿಳಿದಿದ್ದೇನೆ. ರಾಮಾಚಾರಿಯೆಂಬ ಆ ಬಿಸಿರಕ್ತದ ಹುಡುಗನಲ್ಲಿ ಸಮಾಜವನ್ನು ಕಚ್ಚುವ ಒಂದು ಶಕ್ತಿಯುಂಟು. ಅವನನ್ನು ಕಂಡು ನಾವು ಅಂಜಬೇಕೆ, ಮರುಗಬೇಕೆ? ನೋಡುವವರೆಲ್ಲರೂ ಮರುಗಿ ಕಣ್ಣೀರಿಟ್ಟು ಸಮಾಧಾನದಿಂದ ಮನೆಗೆ ಹೋದರೆ, ಹಲ್ಲು ಕಿತ್ತ ಹಾವನ್ನು ತೋರಿಸಿದಂತಾಗುತ್ತದೆಂದು ಕರ್ತೃವಿಗೆ ತೋರಿದ್ದರೆ ಅದು ಸಹಜ.

ಆದರೆ ಇನ್ನೊಂದು ಪಕ್ಷವೂ ಇದೆ. ಆ ಚಿತ್ರದಲ್ಲಿ ಚಿತ್ರದುರ್ಗದ ಕಲ್ಲುಬಂಡೆಗಳು ಬರಿಯ ಹಿನ್ನೆಲೆಯಾಗಿರದೆ ಪಾತ್ರಗಳಂತೆಯೇ ನಿಂತಿವೆ. ಕೆ. ಎಸ್. ಅಶ್ವತ್ಥರ ಚಾಮಯ್ಯ ಮೇಷ್ಟ್ರು ನಾಡಿಗೆಲ್ಲ ಗುರುವಾದರು. ವಿಷ್ಣುವರ್ಧನರು ರಾಮಾಚಾರಿಯ ಪಾತ್ರದಿಂದಲೇ ನಾಯಕನಟರಾಗಿ ಹೆಸರುಗೊಂಡರು. ೨೦೧೮ರಲ್ಲಿ, ನಾಲ್ವತ್ತಾರು ವರ್ಷಗಳ ಮೇಲೆ, ಆ ಚಿತ್ರ ಹೊಸ ಪ್ರತಿಯಾಗಿ ಪುನಃ ತೆರೆಗೆ ಬಂದಾಗ ಅದನ್ನು ನೋಡಲು ಹೋದವರಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದರು. ಮರುದಿನ ತರಗತಿಯಲ್ಲಿ "ಇದನ್ನು ಬರೆದವರು ಯಾರು?" ಎಂದು ಕೇಳಿದೆ. ಬಹುಮಂದಿ ಪುಟ್ಟಣ್ಣನವರ ಹೆಸರನ್ನೇ ಹೇಳಿದರು. ನನಗೆ ಕೆಡುಕೆನಿಸಿತು. ಆದರೆ ಆ ವಾರವೇ ಒಬ್ಬ ವಿದ್ಯಾರ್ಥಿನಿ ಗ್ರಂಥಾಲಯದಿಂದ ಕಾದಂಬರಿಯನ್ನು ತೆಗೆದುಕೊಂಡು ಹೋದಳು. ಬಹುಕಾಲ ಯಾರೂ ಮುಟ್ಟದಿದ್ದ ಪ್ರತಿ ಅದು. ಕೇರೆಹಾವು ರೈತನ ಹೊಲದಲ್ಲಿ ಇಲಿಗಳನ್ನು ತಿಂದು ಉಪಕಾರಮಾಡುವ ಪ್ರಾಣಿ ಎಂಬುದನ್ನು ನಾವು ಮರೆಯಬಾರದು. ಕೇರೆ ತಿನ್ನುವ ಊರಿಗೆ ಹೋದರೆ ನಡುವಿನ ತುಂಡು ನನಗಿರಲಿ ಎನ್ನಬೇಕೆಂದು ಗಾದೆಯೂ ಇದೆಯಷ್ಟೆ. ತ.ರಾ.ಸು. ಅವರೂ ಚಿತ್ರಲೋಕವೂ ಪರಸ್ಪರ ಮುಖ ತಿರುಗಿಸಿಕೊಳ್ಳಲಿಲ್ಲ. ಪುಟ್ಟಣ್ಣನವರ ಕೊನೆಯ ಚಿತ್ರ 'ಮಸಣದ ಹೂವು' ತ.ರಾ.ಸು. ಅವರದೇ ಕಾದಂಬರಿ. ೧೯೮೪ರಲ್ಲಿ ಲೇಖಕರೂ ೧೯೮೫ರಲ್ಲಿ ನಿರ್ದೇಶಕರೂ ತೀರಿಕೊಂಡರು. ಅರ್ಧಕ್ಕೆ ನಿಂತ ಚಿತ್ರವನ್ನು ಕೆ. ಎಸ್. ಎಲ್. ಸ್ವಾಮಿಯವರು ಮುಗಿಸಿದರು.

ಕನ್ನಡನಾಡಿನ ಇನ್ನೊಬ್ಬ ಹಿರಿಯರ ನಿರಾಶೆ ಇದಕ್ಕಿಂತ ತೀಕ್ಷ್ಣವಾದದ್ದು. ಮೈಸೂರಿನ ಆರ್. ಕೆ. ನಾರಾಯಣರು ಇಂಗ್ಲಿಷಿನಲ್ಲಿ ಬರೆದ 'ದಿ ಗೈಡ್' ಕಾದಂಬರಿ ೧೯೫೮ರಲ್ಲಿ ಪ್ರಕಟವಾಗಿ, ೧೯೬೦ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ೧೯೬೫ರಲ್ಲಿ ವಿಜಯ ಆನಂದರ ನಿರ್ದೇಶನದಲ್ಲಿ, ದೇವ ಆನಂದ್ ಮತ್ತು ವಹೀದಾ ರೆಹಮಾನ್ ಅವರ ಅಭಿನಯದಲ್ಲಿ, ಅದು ಹಿಂದೀ ಚಿತ್ರವಾಯಿತು. ನಾರಾಯಣರ ಮಾಲ್ಗುಡಿ ಒಂದು ಸಣ್ಣ ದಕ್ಷಿಣದೇಶದ ಊರು. ಚಿತ್ರದವರು ಅದನ್ನು ರಾಜಸ್ಥಾನದ ಉದಯಪುರದ ಅರಮನೆ ಸರೋವರಗಳ ನಡುವೆ ಕೊಂಡೊಯ್ದರು. ದಾರಿತಪ್ಪಿದ ಗೈಡೆಂಬ ಅರ್ಥದ ತಲೆಬರಹವನ್ನಿಟ್ಟು ನಾರಾಯಣರು ಈ ಪ್ರಸಂಗವನ್ನು ಕುರಿತು ಒಂದು ಲೇಖನವನ್ನೇ ಬರೆದರು. ಓದಿದರೆ ನಗು ಬರುತ್ತದೆ. ನಗುವಿನ ಕೆಳಗೆ ನೋವು ಕಾಣುತ್ತದೆ.

ನನ್ನ ಮಟ್ಟಿಗೆ ಉದಯಪುರ ದೊಡ್ಡ ದೋಷವಲ್ಲ. ದೋಷವಿರುವುದು ಕೊನೆಯಲ್ಲಿ. ಕಾದಂಬರಿಯಲ್ಲಿ ಮಳೆಗಾಗಿ ಉಪವಾಸ ಮಾಡಿದ ರಾಜು ಬತ್ತಿದ ನದಿಯಲ್ಲಿ ನಿಂತು, ದೂರದ ಬೆಟ್ಟಗಳಲ್ಲಿ ಮಳೆ ಬರುತ್ತಿದೆಯೆಂದು ಹೇಳಿ ಕುಸಿಯುತ್ತಾನೆ. ಮಳೆ ಬಂತೆ? ಅವನು ಸತ್ತನೆ? ಕಪಟ ಸಂತನು ನಿಜವಾದ ಸಂತನಾದನೆ? ನಾರಾಯಣರು ಹೇಳುವುದಿಲ್ಲ. ಪುಸ್ತಕವನ್ನು ಮುಚ್ಚಿದ ಮೇಲೂ ಆ ಪ್ರಶ್ನೆ ನಮ್ಮೊಡನೆ ಮನೆಗೆ ಬರುತ್ತದೆ. ಚಿತ್ರದಲ್ಲಿ ಮಳೆ ಧಾರಾಕಾರವಾಗಿ ಸುರಿಯುತ್ತದೆ, ರಾಜುವಿಗೆ ಆತ್ಮಜ್ಞಾನವಾಗುತ್ತದೆ, ಅವನು ಸಾಯುತ್ತಾನೆ, ಸಂಶಯಕ್ಕೆ ಎಡೆಯೇ ಇಲ್ಲ. ರೋಸಿ ಗಂಡನನ್ನು ಬಿಟ್ಟು ಬರುವ ಪ್ರಸಂಗದಲ್ಲಿಯೂ ಹೀಗೆಯೇ ಆಯಿತು. ಪ್ರೇಕ್ಷಕರು ಆಕೆಯನ್ನು ದೂರಬಾರದೆಂದು ಗಂಡನನ್ನು ಚಿತ್ರದವರು ಇನ್ನಷ್ಟು ಕೆಟ್ಟವನನ್ನಾಗಿ ಮಾಡಿದರು. ಹಾಡುಗಳು ಮಧುರವಾಗಿವೆ, ನೃತ್ಯ ಮನೋಹರವಾಗಿದೆ. ಕಾದಂಬರಿಕಾರನು ತೆರೆದಿಟ್ಟ ಬಾಗಿಲುಗಳು ಮಾತ್ರ ಒಂದೊಂದಾಗಿ ಮುಚ್ಚಿಹೋಗಿವೆ.

ಇಲ್ಲಿಗೆ ನ್ಯಾಯವಾದ ನಿರಾಶೆಯ ಲಕ್ಷಣ ನಮ್ಮ ಕೈಗೆ ಸಿಕ್ಕಂತಾಯಿತು. ಪ್ರಸಂಗಗಳು ಹೋಗಲಿ, ಊರು ಬದಲಾಗಲಿ, ಮುಖ ಬೇರೆಯಾಗಲಿ. ಅದಕ್ಕಾಗಿ ನಾವು ದೂರಬಾರದು. ಕಾದಂಬರಿ ಯಾವ ಪ್ರಶ್ನೆಯನ್ನು ಕೇಳಲು ಹುಟ್ಟಿತೋ ಆ ಪ್ರಶ್ನೆಯನ್ನು ಕೇಳದೆ ಬಿಟ್ಟರೆ, ಅಥವಾ ಕೇಳಿದಂತೆ ಮಾಡಿ ಸುಲಭವಾದ ಉತ್ತರವನ್ನು ಕೈಗಿತ್ತು ಕಳುಹಿಸಿದರೆ, ಆಗ ದೂರಲು ನಮಗೆ ಅಧಿಕಾರವುಂಟು. ಆನಂದವರ್ಧನನ ಮಾತಿಗೂ ಇದು ವಿರೋಧವಲ್ಲ. ಅವನು ಕವಿಗೆ ಸ್ವಾತಂತ್ರ್ಯವನ್ನು ಕೊಟ್ಟದ್ದು ರಸಕ್ಕಾಗಿ. ಟಿಕೀಟಿನ ಹಣಕ್ಕಾಗಿ ಅಲ್ಲ.

ಚಿತ್ರದಿಂದ ಕಾದಂಬರಿಗೆ ಲಾಭವಾದ ಸಂದರ್ಭಗಳನ್ನು ಹೇಳದಿದ್ದರೆ ನನ್ನ ವಾದ ಏಕಪಕ್ಷೀಯವಾದೀತು. ಶಿವರಾಮ ಕಾರಂತರ 'ಚೋಮನ ದುಡಿ' ೧೯೩೩ರಲ್ಲಿ ಬಂದ ಸಣ್ಣ ಕಾದಂಬರಿ. ಅದನ್ನೋದುವಾಗ ದುಡಿಯ ಸದ್ದನ್ನು ನಾವು ಕಲ್ಪಿಸಿಕೊಳ್ಳಬೇಕು. ನಮ್ಮ ಕಡೆಯವರು ಬಹುಮಂದಿ ದುಡಿಯನ್ನು ಕಂಡವರಲ್ಲ. ಬಿ. ವಿ. ಕಾರಂತರ ೧೯೭೫ರ ಚಿತ್ರದಲ್ಲಿ ಎಂ. ವಿ. ವಾಸುದೇವರಾಯರು ಚೋಮನಾಗಿ ಆ ದುಡಿಯನ್ನು ಬಡಿದಾಗ, ಭೂಮಿಯನ್ನು ಉಳಬೇಕೆಂಬ ಒಬ್ಬ ಮನುಷ್ಯನ ಜನ್ಮದ ಆಸೆ ಹೇಗೆ ಕೇಳಿಸುತ್ತದೆಂಬುದು ತಿಳಿಯಿತು. ಅಕ್ಷರ ಮಾಡಲಾರದ ಕೆಲಸವನ್ನು ನಾದ ಮಾಡಿತು. ಆ ಚಿತ್ರಕ್ಕೆ ರಾಷ್ಟ್ರದ ಸ್ವರ್ಣಕಮಲವೂ ವಾಸುದೇವರಾಯರಿಗೆ ಶ್ರೇಷ್ಠ ನಟರೆಂಬ ಪ್ರಶಸ್ತಿಯೂ ಬಂದುವು.

ತ.ರಾ.ಸು. ಅವರ 'ಹಂಸಗೀತೆ'ಯದೂ ಇಂಥದೇ ಕಥೆ. ಅದು ಸಂಗೀತಗಾರನೊಬ್ಬನ ಕಥೆಯಾದ್ದರಿಂದ ಪುಸ್ತಕದಲ್ಲಿ ಸಂಗೀತ ಮೌನವಾಗಿಯೇ ಇರುತ್ತದೆ. ೧೯೫೬ರಲ್ಲಿ ಹಿಂದಿಯವರು ಅದನ್ನಾಧರಿಸಿ 'ಬಸಂತ ಬಹಾರ್' ತೆಗೆದಾಗ ಕಥೆ ಬಹಳವಾಗಿ ಮಾರ್ಪಟ್ಟಿತು. ಆದರೆ ಅದರಲ್ಲಿ ಮನ್ನಾಡೇ ಅವರೊಡನೆ ಸ್ಪರ್ಧೆಯ ಹಾಡಿಗೆ ದನಿಗೂಡಿಸಿದವರು ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರಾದ ಭೀಮಸೇನ ಜೋಶಿಯವರು. ೧೯೭೫ರಲ್ಲಿ ಜಿ. ವಿ. ಅಯ್ಯರರು ಅದೇ ಕಾದಂಬರಿಯನ್ನು ಕನ್ನಡದಲ್ಲಿ ತೆಗೆದಾಗ ಬಾಲಮುರಳಿಕೃಷ್ಣರ ಗಾನ ಅದಕ್ಕೆ ಒದಗಿತು. ಹೀಗೆ ಒಂದೇ ಪುಸ್ತಕದಿಂದ ಹಿಂದುಸ್ತಾನಿಯೂ ಕರ್ನಾಟಕವೂ ಹೊಮ್ಮಿದುವು. ನಾರಾಯಣರಿಗೂ ಕಾಲ ಕೊನೆಗೆ ನ್ಯಾಯವನ್ನೇ ಒದಗಿಸಿತು. ೧೯೮೬ರ ಸುಮಾರಿಗೆ ಶಂಕರ ನಾಗ್ ಅವರು ದೂರದರ್ಶನಕ್ಕಾಗಿ 'ಮಾಲ್ಗುಡಿ ಡೇಸ್' ತೆಗೆದಾಗ, ಮಾಲ್ಗುಡಿಯನ್ನು ಆಗುಂಬೆಯಲ್ಲಿ ಸ್ಥಾಪಿಸಿದರು. ನಾರಾಯಣರ ಊರು ಆಗುಂಬೆಯಂಥ ಮಳೆಕಾಡಿನ ಊರಲ್ಲ. ಆದರೂ ಅದನ್ನು ನೋಡಿ ಉದಯಪುರದಂತೆ ಯಾರೂ ಬೆಚ್ಚಲಿಲ್ಲ. ಭಾವ ಸರಿಯಾಗಿದ್ದುದರಿಂದ ಭೂಗೋಳವನ್ನು ಕ್ಷಮಿಸಿದೆವು.

ಆದ್ದರಿಂದ ಇನ್ನು ಮುಂದೆ ಮೆಚ್ಚಿದ ಕಾದಂಬರಿಯ ಚಿತ್ರವನ್ನು ನೋಡಿ ಖಿನ್ನರಾಗಿ ಹಿಂದಿರುಗುವವರು ತಮ್ಮನ್ನು ತಾವೇ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ ಎಂದು ಬಿನ್ನಹ. ಕಳೆದುಹೋದದ್ದು ಘಟನೆಯೋ, ಭಾವವೋ? ಬದಲಾವಣೆಗೆ ಕಲೆಯ ಕಾರಣವಿದೆಯೋ, ಪ್ರೇಕ್ಷಕನು ನೊಂದಾನೆಂಬ ಅಂಜಿಕೆ ಮಾತ್ರವೋ? ಮೂರನೆಯದಾಗಿ, ಎಲ್ಲಕ್ಕಿಂತ ಕಷ್ಟವಾದದ್ದು: ನಾನು ದುಃಖಿಸುತ್ತಿರುವುದು ಪುಸ್ತಕಕ್ಕಾಗಿಯೋ, ಅದನ್ನೋದಿದ ಕಾಲಕ್ಕಾಗಿಯೋ? ಮೂರನೆಯ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ದೊರೆತರೆ ನಿರ್ದೇಶಕನ ಮೇಲಿನ ಕೋಪದಲ್ಲಿ ಅರ್ಧ ಇಳಿಯುತ್ತದೆ. ಉಳಿದ ಅರ್ಧವನ್ನು ಧೈರ್ಯವಾಗಿ ಹೇಳಬಹುದು.

ಕಳೆದ ಮಳೆಗಾಲದಲ್ಲಿ ನಮ್ಮ ತಂದೆಯವರ ಆ ಹಳೆಯ ಪ್ರತಿಯನ್ನು ತೆಗೆದು ನನ್ನ ಮಗಳಿಗೆ ಓದಿ ಹೇಳಲಾರಂಭಿಸಿದೆ. ರಟ್ಟು ಹರಿದಿದೆ, ಅಲ್ಲಲ್ಲಿ ಪುಟದ ಅಂಚಿನಲ್ಲಿ ಅವರು ಸೀಸದ ಕಡ್ಡಿಯಿಂದ ಎಳೆದ ಗೆರೆಗಳಿವೆ, ಆ ರಾತ್ರಿಗೆ ಓದು ಅಲ್ಲಿಗೆ ನಿಂತಿತೆಂಬುದರ ಗುರುತು ಅವು. ಓದುತ್ತ ಓದುತ್ತ ಚಂದ್ರಯ್ಯಗೌಡರು ಆಳುಗಳ ಮೇಲೆ ರೇಗುವ ಒಂದು ಸಂದರ್ಭ ಬಂತು. ಮಗಳು ನಕ್ಕು, "ಅಪ್ಪಾ, ಗೌಡರು ಮಲೆನಾಡಿನವರಲ್ಲವಾ? ಧಾರವಾಡದವರಂಗ ಯಾಕ ಮಾತಾಡತಾರ?" ಎಂದಳು. ನಾನು ಉತ್ತರ ಕೊಡದೆ ಮುಂದಿನ ಸಾಲಿಗೆ ಹೋದೆ.

ಎಂದಾದರೊಂದು ದಿನ ಇನ್ನೊಬ್ಬ ನಿರ್ದೇಶಕರು ಆ ಕಾದಂಬರಿಯನ್ನು ಮತ್ತೆ ಚಿತ್ರವನ್ನಾಗಿ ಮಾಡಬಹುದು. ಅದನ್ನು ನೋಡಲು ಹೋಗಿ ಅವಳೂ ನಿರಾಶಳಾಗಿ ಬರಬಹುದು. ಬರಲಿ. ಪುಸ್ತಕವೊಂದು ತನ್ನದಾಗಿತ್ತೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.